ತೆರೆಯದ ಪೆಟ್ಟಿಗೆಯೆದುರು ಹದಿನೈದು ನಿಮಿಷ

ವಿದೇಶ ಪ್ರವಾಸಕ್ಕೆ ಹೊರಟ ದಿನ, ವಿಮಾನ ನಿಲ್ದಾಣದ ಕಾವಲಿನವರಿಗಿಂತ ಮೊದಲು ನನ್ನನ್ನು ತಪಾಸಣೆ ಮಾಡಿದವಳು ನನ್ನ ಹೆಂಡತಿ. ನಡುಮನೆಯಲ್ಲಿ, ಬೆಳೆದ ಮಗಳ ಎದುರಿಗೇ, ಎರಡೂ ಕೈ ಮೇಲೆತ್ತಿಸಿ ನಿಲ್ಲಿಸಿದಳು. ಅಂಗಿಯ ಜೇಬು, ಪ್ಯಾಂಟಿನ ಜೇಬು, ಕನ್ನಡಕದ ಡಬ್ಬಿ, ಕಡೆಗೆ ಕಾಲರಿನ ಮಡಿಕೆಯನ್ನೂ ಬಿಡದೆ ತಡಕಾಡಿದಳು. ಐದು ಕಡ್ಡಿಗಳು ಸಿಕ್ಕವು.

(ಕಡ್ಡಿ ಎಂದರೆ ಹಲ್ಲುಕಡ್ಡಿಯಲ್ಲ, ಬೆಂಕಿಕಡ್ಡಿಯೂ ಅಲ್ಲ. ಕೀಲಿಕೈ ಕಳೆದುಹೋದ ಬೀಗದ ಹೊಟ್ಟೆಯೊಳಗೆ ಆಡಿಸಿ ಅದನ್ನು ತೆರೆಯುವ ಉಕ್ಕಿನ ತೆಳು ಸಲಾಕೆ. ನಾನು ಬೀಗ ರಿಪೇರಿಯವನು. ಮೂವತ್ತೆರಡು ವರ್ಷಗಳಿಂದ ಊರಿನ ಜನ ಕೀಲಿಕೈ ಕಳೆದುಕೊಳ್ಳುತ್ತಿದ್ದಾರೆ, ನಾನು ಊಟ ಮಾಡುತ್ತಿದ್ದೇನೆ.)

"ಐದೇನಾ?" ಎಂದಳು.

"ಐದೇ."

"ಆರಿತ್ತಲ್ಲ?"

"ಆರನೇದು ಅಂಗಡೀಲಿದೆ ಕಣೇ."

"ಅಪ್ಪಾ," ಎಂದಳು ಮಗಳು, ಪಾಪ, ಬೇಸರದಿಂದ, "ಬೇರೆ ಮನೆಗಳಲ್ಲಿ ಅಪ್ಪಂದಿರು ಸಿಗರೇಟು ಬಚ್ಚಿಡ್ತಾರಂತೆ."

ನಾನು ಹೇಳಿದ್ದು ಸುಳ್ಳು. ಆರನೆಯ ಕಡ್ಡಿ ಆಗಲೇ ದೊಡ್ಡ ಸೂಟ್‌ಕೇಸು ಸೇರಿತ್ತು. ಅದರೊಳಗಿದ್ದ ನನ್ನ ಬಲಗಾಲಿನ ಬೂಟಿನ ಒಳಅಟ್ಟೆಯನ್ನು ಎಬ್ಬಿಸಿ, ಅಡಿಯಲ್ಲಿ ಕಡ್ಡಿಯನ್ನು ಮಲಗಿಸಿ, ಮತ್ತೆ ಅಂಟು ಹಚ್ಚಿ ಕೂರಿಸಿದ್ದೆ. ಅದು ನನಗೆ ಕೆಲಸ ಕಲಿಸಿದ ಯಜಮಾನರು ಕೊಟ್ಟದ್ದು. ಅದರ ಹಿಡಿಯ ಮೇಲೆ ಅವರ ಹೆಬ್ಬೆರಳು ಸವೆಸಿದ ಒಂದು ಗುಳಿ ಇದೆ. ಅದೇ ಗುಳಿಯಲ್ಲಿ ನನ್ನ ಹೆಬ್ಬೆರಳೂ ಮೂವತ್ತೆರಡು ವರ್ಷ ಕೂತಿದೆ. ಬಳಸುವ ಉದ್ದೇಶ ಖಂಡಿತ ಇರಲಿಲ್ಲ, ಜೊತೆಯಲ್ಲಿರಲಿ ಎಂದಷ್ಟೇ. ಇದನ್ನು ನೀವಾದರೂ ನಂಬಬೇಕು.

ನನ್ನ ಹೆಂಡತಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಅವಳು ಇಪ್ಪತ್ತಾರು ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮೇಜಿನ ಹಿಂದೆ ಕೂತವಳು. ಓದುಗರು ಹಿಂತಿರುಗಿಸಿದ ಪುಸ್ತಕಕ್ಕೆ ಮೊಹರು ಒತ್ತುವ ಮೊದಲು ಅದರಲ್ಲಿ ಒಂದು ಪುಟ ಓದಿಬಿಡುವುದು ಅವಳ ಅಭ್ಯಾಸ. ಹೀಗೆ ಒಂದೊಂದೇ ಪುಟವಾಗಿ ಅವಳು ಭೂಮಂಡಲವನ್ನೆಲ್ಲ ಸುತ್ತಿದ್ದಾಳೆ. ಯಾವ ಅರಮನೆಗೆ ಎಷ್ಟು ಕಿಟಕಿ, ಯಾವ ನದಿಯ ಸೇತುವೆಗೆ ಎಂಥ ಕಲ್ಲು, ಎಲ್ಲ ಬಾಯಿಪಾಠ. ಕಣ್ಣಾರೆ ನೋಡಿದ್ದು ಮಾತ್ರ ಏನೂ ಇಲ್ಲ, ಮತ್ತು ಅದಕ್ಕೆ ಕಾರಣ ನಾನು. "ಪ್ರಪಂಚದಲ್ಲಿ ನೋಡೋಕೇನಿದೆಯೇ? ಎಲ್ಲಾ ಕಡೆ ಬಾಗಿಲು, ಎಲ್ಲಾ ಬಾಗಿಲಿಗೂ ಬೀಗ" ಎಂದು ವರ್ಷಗಟ್ಟಲೆ ತಳ್ಳಿಕೊಂಡು ಬಂದೆ. ನಾನು ಅದನ್ನು ವೇದಾಂತ ಎಂದುಕೊಂಡಿದ್ದೆ. ಅವಳು ಸೋಮಾರಿತನ ಎನ್ನುತ್ತಿದ್ದಳು.

ನಿವೃತ್ತಿಯಾದ ಮರುದಿನ ಬೆಳಿಗ್ಗೆ ಎದ್ದವಳೇ ಹೋಗಿ, "ವಿಶ್ವ ಪರಂಪರೆ ದರ್ಶನ, ಹದಿನಾಲ್ಕು ದಿನ" ಎಂಬ ಪ್ರವಾಸಕ್ಕೆ ಎರಡು ಹೆಸರು ಬರೆಸಿಬಂದಳು. ನನ್ನನ್ನು ಕೇಳಲಿಲ್ಲ, ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಗುಂಪಿನಲ್ಲಿ ಇಪ್ಪತ್ತು ಜನ. ಮುಂದೆ ನಮ್ಮ ಮಾರ್ಗದರ್ಶಿ ಹೆಂಗಸು, ಯಾರೂ ತಪ್ಪಿಸಿಕೊಳ್ಳದಿರಲಿ ಎಂದು ಬಿಸಿಲು ಮಳೆ ನೋಡದೆ ಹಳದಿ ಛತ್ರಿಯೊಂದನ್ನು ಎತ್ತಿ ಹಿಡಿದು ನಡೆಯುತ್ತಿದ್ದಳು. ಎರಡನೆಯ ದಿನಕ್ಕೆ ಅವಳ ಹೆಸರು ಎಲ್ಲರಿಗೂ ಮರೆತು ಬರೀ ಛತ್ರಿ ಎಂದಾಯಿತು. ಜೊತೆಗೆ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಅವರು ಏನನ್ನೂ ಕಣ್ಣಿನಿಂದ ನೋಡುತ್ತಿರಲಿಲ್ಲ, ಕ್ಯಾಮೆರಾದಿಂದ ನೋಡುತ್ತಿದ್ದರು.

ಮೊದಲ ಐದು ದಿನ ನನ್ನ ನಡತೆ ಹೇಗಿತ್ತು ಎನ್ನುವುದಕ್ಕೆ ಮೇಷ್ಟ್ರ ಫೋಟೋಗಳೇ ಸಾಕ್ಷಿ. ಒಂದು ಅರಮನೆಯ ಸಭಾಮಂಟಪದಲ್ಲಿ ಹತ್ತೊಂಬತ್ತು ಜನ ಕತ್ತೆತ್ತಿ ಚಿತ್ರ ಬರೆದ ಚಾವಣಿ ನೋಡುತ್ತಿದ್ದಾರೆ. ಇಪ್ಪತ್ತನೆಯವನು ಮೂಲೆಯಲ್ಲಿ ಬಾಗಿಲ ಮುಂದೆ ಮಂಡಿಯೂರಿದ್ದಾನೆ. ಒಂದು ಪುರಾತನ ಗ್ರಂಥಭಂಡಾರದಲ್ಲಿ ಹತ್ತೊಂಬತ್ತು ಮುಖಗಳು, ಒಂದು ಬೆನ್ನು. ಒಂದು ಕೋಟೆಯಲ್ಲಿ ನಾನು ಕಾಣುವುದೇ ಇಲ್ಲ, ಕಬ್ಬಿಣದ ಹೆಬ್ಬಾಗಿಲ ಕೆಳಗಿನಿಂದ ಎರಡು ಷೂ ಮಾತ್ರ ಹೊರಗೆ ಚಾಚಿವೆ.

ನಾನು ಏನನ್ನೂ ಮುಟ್ಟಿರಲಿಲ್ಲ. ಇಣುಕಿದ್ದೆ, ಅಷ್ಟೇ. ಆದರೆ ಆ ಸಭಾಮಂಟಪದಲ್ಲಿ ಹೆಂಡತಿ ಚಾವಣಿಯ ಒಂದು ಮೂಲೆಯಲ್ಲಿ ಏನನ್ನೋ ಕಂಡು, "ರೀ, ಅಲ್ನೋಡ್ರೀ, ಆ ನೀಲಿ!" ಎಂದು ಪಕ್ಕಕ್ಕೆ ಕೈ ಚಾಚಿದಳಂತೆ. ಕೈಗೆ ಸಿಕ್ಕಿದ್ದು ಮೇಷ್ಟ್ರ ತೋಳು. ಮೇಷ್ಟ್ರು ಕ್ಯಾಮೆರಾದಿಂದ ಕಣ್ಣು ತೆಗೆಯದೆ "ಹೌದಮ್ಮಾ" ಎಂದರಂತೆ.

ಆರನೆಯ ದಿನ ಮಧ್ಯಾಹ್ನ ಹೋಟೆಲಿನ ಊಟದ ಮೇಜಿನ ಮೇಲೆ ಅವಳು ಚಮಚವನ್ನು ಕೆಳಗಿಟ್ಟಳು. ಅವಳು ಕಿರುಚಿದರೆ ನನಗೆ ಭಯವಿಲ್ಲ. ಚಮಚ ಕೆಳಗಿಟ್ಟರೆ ಭಯ.

"ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು," ಎಂದಳು. "ಎಲ್ಲಿ ಹೋದ್ರೂ ನಿಮ್ಮ ಬೆನ್ನು ನೋಡ್ಕೊಂಡು ಬಂದಿದೀನಿ. ನಂಟರ ಮನೆಗೆ ಹೋದ್ರೆ ಅವರ ಬೀರು ಮುಂದೆ ಕೂತಿರ್ತೀರಿ. ಆಸ್ಪತ್ರೇಲಿ ನಾನು ಹೆರಿಗೆ ನೋವು ತಿಂತಾ ಇದ್ರೆ ಆ ವಾರ್ಡಿನ ಬಾಗಿಲ ಚಿಲಕ ಸರಿ ಮಾಡ್ತಾ ಇದ್ರಿ."

"ಅದು ಜಾರ್ತಿತ್ತು ಕಣೇ, ಮುಚ್ಕೊಂಡ್ರೆ ಡಾಕ್ಟ್ರು ಒಳಗೆ ಬರೋಕಾಗ್ತಿರಲಿಲ್ಲ."

"ಮಾತಾಡ್ಬೇಡಿ. ಒಂಬತ್ತನೇ ದಿನ ಯಾವ ಊರು ಅಂತ ಗೊತ್ತಾ?"

ಗೊತ್ತಿತ್ತು. ಮೂವತ್ತು ಸಲವಾದರೂ ಹೇಳಿದ್ದಳು. ಆ ಊರಿನ ಒಂದು ಹಳೆಯ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಇನ್ನೂರು ವರ್ಷಗಳ ಹಿಂದೆ ಹಡಗು ಹತ್ತಿದ ಒಬ್ಬ ಹೆಂಗಸು, "ನಾನು ಬರೋವರೆಗೆ ತೆಗೀಬೇಡಿ" ಎಂದು ಅದನ್ನು ನೆರೆಮನೆಯವರ ಕೈಗೆ ಕೊಟ್ಟು ಹೋದಳಂತೆ. ಅವಳು ಬರಲೇ ಇಲ್ಲ. ನೆರೆಮನೆಯವರು ಏಳು ತಲೆಮಾರು ಅದನ್ನು ತೆಗೆಯಲೂ ಇಲ್ಲ. ಈಗ ದೇಶದೇಶದ ಜನ ಬಂದು ಅದರ ಮುಂದೆ ಸುಮ್ಮನೆ ನಿಲ್ಲುತ್ತಾರೆ, ಒಳಗೇನಿರಬಹುದು ಎಂದು ತಮ್ಮ ಊಹೆಯನ್ನು ಅಲ್ಲಿಟ್ಟ ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ಗ್ರಂಥಾಲಯದಲ್ಲಿ ಇದರ ಬಗ್ಗೆ ಓದಿದ ದಿನದಿಂದ ನನ್ನ ಹೆಂಡತಿಯ ಬಳಿಯೂ ಒಂದು ಊಹೆ ಇತ್ತು. ಅದೇನೆಂದು ನನಗೆ ಹೇಳಿರಲಿಲ್ಲ.

"ನಂಗೆ ಆ ಪೆಟ್ಟಿಗೆ ಮುಂದೆ ಹದಿನೈದು ನಿಮಿಷ ಬೇಕು," ಎಂದಳು. "ನೀವು ನನ್ನ ಪಕ್ಕದಲ್ಲಿ ನಿಂತಿರ್ಬೇಕು. ಕೈ ಹಿಂದೆ ಕಟ್ಕೊಂಡು. ನಾನು ನೋಡೋ ಕಡೆಗೇ ನೋಡ್ತಾ. ಅದು ಎಷ್ಟು ಲಿವರಿನ ಬೀಗ, ಯಾವ ಕಾಲದ್ದು, ಎಷ್ಟು ನಿಮಿಷದಲ್ಲಿ ತೆಗೀಬಹುದು, ಒಂದೂ ಹೇಳಕೂಡದು. ಒಂದೇ ಒಂದು ಸಲ, ತೆಗೆಯೋಕಾಗದೇ ಇರೋದನ್ನ ನನ್ನ ಜೊತೆ ನಿಂತು ನೋಡಿ. ಅಷ್ಟು ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಇನ್ಮುಂದೆ ನಾನೊಬ್ಬಳೇ ತಿರುಗ್ತೀನಿ. ನೀವು ನಿಮ್ಮ ಅಂಗಡೀಲಿರಿ. ನಂಗೇನೂ ಸಿಟ್ಟಿಲ್ಲ, ಸಾಕಾಗಿದೆ ಅಷ್ಟೇ."

ಸಿಟ್ಟಿಲ್ಲ ಎಂದಳಲ್ಲ, ನಾನು ಹೆದರಿದ್ದು ಅದಕ್ಕೇ. "ನಿನ್ನಾಣೆ, ನಿಲ್ತೀನಿ," ಎಂದೆ. ಮನಸ್ಸಿನಿಂದಲೇ ಎಂದೆ.

ಏಳನೆಯ ದಿನ, ಎಂಟನೆಯ ದಿನ ನಾನು ಅಪ್ಪಟ ಚಿನ್ನ. ಚಾವಣಿ ಎಂದರೆ ಚಾವಣಿ, ಕಂಬ ಎಂದರೆ ಕಂಬ. ಒಂದು ಗೋಪುರದ ಬಗ್ಗೆ ಛತ್ರಿಗೆ ಒಂದು ಪ್ರಶ್ನೆಯನ್ನೂ ಹಾಕಿದೆ. ಹೆಂಡತಿ ನನ್ನ ತೋಳು ಹಿಡಿದು ನಡೆದಳು.

ಒಂಬತ್ತನೆಯ ದಿನ ಬೆಳಿಗ್ಗೆ ಮಳೆ ಬಂದು ನನ್ನ ಓಡಾಟದ ಷೂ ತೊಯ್ದಿತ್ತು. "ಆ ಬೂಟು ಹಾಕ್ಕೊಳ್ಳಿ" ಎಂದವಳು ಅವಳೇ. ಇದನ್ನು ನಾನು ಆಮೇಲೆ ಅವಳಿಗೆ ನೆನಪಿಸಲಿಲ್ಲ, ಅಷ್ಟು ಬುದ್ಧಿ ನನಗಿದೆ.

ಆ ಮನೆ ಸಣ್ಣದು. ತಗ್ಗು ಬಾಗಿಲು, ಕಾಲಿಟ್ಟರೆ ಕಿರುಗುಟ್ಟುವ ಮರದ ನೆಲ, ಕಿರಿದಾದ ಮೆಟ್ಟಿಲು. ಪೆಟ್ಟಿಗೆ ಇರುವುದು ಮಹಡಿಯ ಕೋಣೆಯಲ್ಲಿ, ಹತ್ತು ಹತ್ತು ಜನರನ್ನಷ್ಟೇ ಬಿಡುತ್ತಾರೆ. ನಮ್ಮವರೆಲ್ಲ ಕೆಳಗೆ ಚೀಲ ಕೊಟ್ಟು ಚೀಟಿ ಪಡೆಯುವ ಸಾಲಿನಲ್ಲಿ ನಿಂತಿದ್ದರು. ನನ್ನ ಬಳಿ ಚೀಲವಿರಲಿಲ್ಲ. "ನೀವು ಮೇಲೆ ಹೋಗಿ ಜಾಗ ಹಿಡೀರಿ, ಈಗ ಬಂದೆ" ಎಂದಳು ಹೆಂಡತಿ. ತಲೆಗೂದಲು ಸರಿ ಮಾಡಿಕೊಂಡಿದ್ದಳು, ಹೊಸ ಶಾಲು ಹೊದ್ದಿದ್ದಳು. ನಾನು ಮೇಲೆ ಹೋದೆ. ಕೋಣೆಯ ಕಾವಲಿನವನು ಪಾಳಿ ಬದಲಾಯಿಸಲು ಅದೇ ಗಳಿಗೆಯಲ್ಲಿ ಕೆಳಗಿಳಿದ. ಕೋಣೆಯಲ್ಲಿ ಉಳಿದದ್ದು ನಾನು, ಪೆಟ್ಟಿಗೆ, ಮಧ್ಯೆ ಒಂದು ಹಗ್ಗ, ಹಗ್ಗಕ್ಕೆ ನೇತುಹಾಕಿದ, ಮುಟ್ಟಬೇಡಿ ಎಂಬ ಅರ್ಥದ ಕೈಯ ಚಿತ್ರ.

ನಾನು ಕೈ ಹಿಂದೆ ಕಟ್ಟಿಕೊಂಡೇ ನಿಂತೆ. ಅಭ್ಯಾಸ ಮಾಡಿಕೊಳ್ಳೋಣ ಎಂದು ಪೆಟ್ಟಿಗೆಯ ಮುಚ್ಚಳದ ಕಡೆಗೆ ಮಾತ್ರ ನೋಡಿದೆ. ಆದರೆ ಬೀಗ ಇರುವುದು ಮುಚ್ಚಳದ ಕೆಳಗೇ. ಕಣ್ಣು ಎಷ್ಟು ಹೊತ್ತು ಮೇಲೆಯೇ ಇದ್ದೀತು? ಜಾರಿತು. ನೋಡಿದೆ. ಕೀಲಿಕೈ ತೂರಿಸುವ ಅದರ ಬಾಯಿ ಎಡಕ್ಕೆ ಓರೆಯಾಗಿತ್ತು. ಎಡಕ್ಕೆ! ಮೂವತ್ತೆರಡು ವರ್ಷದಲ್ಲಿ ನಾನು ಎಡಬಾಯಿಯ ಬೀಗ ನೋಡಿರಲಿಲ್ಲ. ಇನ್ನೂರು ವರ್ಷ ಯಾರೂ ತೆಗೆದಿಲ್ಲ, ಒಳಗೆ ತುಕ್ಕು ತಿಂದು ಸತ್ತೇ ಹೋಗಿದೆಯೋ ಏನೋ ಪಾಪ ಎನ್ನಿಸಿತು. ತೆರೆಯುವುದು ಬೇಡ, ಜೀವ ಇದೆಯೋ ಇಲ್ಲವೋ ನಾಡಿ ಹಿಡಿದು ನೋಡಿಬಿಡೋಣ, ವೈದ್ಯನಾದವನು ದಾರಿಯಲ್ಲಿ ಬಿದ್ದವನನ್ನು ಹಾಗೇ ದಾಟಿಕೊಂಡು ಹೋಗುತ್ತಾನೆಯೇ? ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿರುವಾಗ ಬಲಗಾಲಿನ ಬೂಟು ಕೈಯಲ್ಲಿತ್ತು.

ನಾಲ್ಕು ನಿಮಿಷ. ನಾಡಿ ಇತ್ತು. ಒಂದು ಲಿವರು ಎದ್ದಿತು, ಎರಡನೆಯದು ಎದ್ದಿತು, ಮೂರನೆಯದು ಸ್ವಲ್ಪ ಗೊಣಗಿ ಎದ್ದಿತು, ಆಮೇಲೆ ಒಳಗಿನಿಂದ ಟಕ್ ಎಂದು ಒಂದು ಸದ್ದು. ಈ ಭೂಮಿಯ ಮೇಲೆ ಅದಕ್ಕಿಂತ ಇಂಪಾದ ಸದ್ದು ನನಗೆ ಗೊತ್ತಿಲ್ಲ. ಮುಚ್ಚಳ ಎರಡು ಬೆರಳಿನಷ್ಟು ಎದ್ದಿತು. ಅದೇ ಕ್ಷಣದಲ್ಲಿ ಗೋಡೆಯ ಮೇಲಿನ ಗಂಟೆ, ಇಡೀ ಊರಿಗೆ ಕೇಳುವಂತೆ, ಬಡಿದುಕೊಳ್ಳತೊಡಗಿತು.

ಮೆಟ್ಟಿಲ ಮೇಲೆ ದಡದಡ ಹೆಜ್ಜೆಗಳು. ಬಾಗಿಲಲ್ಲಿ ಮೊದಲು ಕಂಡದ್ದು ಹಳದಿ ಛತ್ರಿ, ಅದರ ಹಿಂದೆ ಮೇಷ್ಟ್ರ ಕ್ಯಾಮೆರಾ, ಅದರ ಪಕ್ಕದಲ್ಲಿ ಹೊಸ ಶಾಲು. ನಾನು ಒಂದು ಕಾಲಿಗೆ ಬೂಟಿಲ್ಲದೆ, ಹಗ್ಗದ ಆಚೆ ಮಂಡಿಯೂರಿ, ಮುಚ್ಚಳ ಹಿಡಿದುಕೊಂಡಿದ್ದೆ.

ಹೆಂಡತಿ ಬೈಯಲಿಲ್ಲ. ಪೆಟ್ಟಿಗೆಯತ್ತ ನೋಡಬಾರದು ಎಂಬಂತೆ ತಕ್ಷಣ ಕಣ್ಣು ಮುಚ್ಚಿಕೊಂಡಳು. ಹಾಗೇ, ಕಣ್ಣು ಮುಚ್ಚಿಕೊಂಡೇ, ಹಿಂದಕ್ಕೆ ತಿರುಗಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ನನಗೆ ಆ ಗಂಟೆಯ ಸದ್ದು ಆಗ ಕೇಳುವುದೇ ನಿಂತುಹೋಯಿತು.

ಕೋಣೆಯನ್ನು ಮುಚ್ಚಿದರು. ಜನರನ್ನೆಲ್ಲ ಹೊರಗೆ ಕಳಿಸಿದರು. ನನ್ನನ್ನೂ ಪೆಟ್ಟಿಗೆಯನ್ನೂ ಹಿಂದಿನ ಒಂದು ಕೆಲಸದ ಕೋಣೆಗೆ ಸಾಗಿಸಿ, ಭಾಷಾಂತರಕ್ಕೆಂದು ಛತ್ರಿಯನ್ನು ಕರೆಸಿದರು. ಅಲ್ಲಿಗೆ ಸಂಗ್ರಹಾಲಯದ ಮೇಲ್ವಿಚಾರಕರು ಬಂದರು. ವಯಸ್ಸಾದವರು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದರು. ಪೊಲೀಸು, ಜೈಲು, ಎರಡು ದೇಶಗಳ ನಡುವೆ ಪತ್ರವ್ಯವಹಾರ ಎಲ್ಲ ನನ್ನ ತಲೆಯಲ್ಲಿ ಹಾದುಹೋದವು. ಆದರೆ ನಿಜ ಹೇಳಬೇಕೆಂದರೆ ಮನಸ್ಸಿನ ಒಂದು ಮೂಲೆಯಲ್ಲಿ, ನಾಚಿಕೆಯಿಲ್ಲದ ಮೂಲೆ ಅದು, ಒಂದು ಹೆಮ್ಮೆಯೂ ಕೂತಿತ್ತು. ಇನ್ನೂರು ವರ್ಷ. ಏಳು ತಲೆಮಾರು. ನಾನು, ನಾಲ್ಕು ನಿಮಿಷ.

ಮೇಲ್ವಿಚಾರಕರು ನನ್ನನ್ನು ಒಮ್ಮೆ, ನನ್ನ ಕೈಯ ಕಡ್ಡಿಯನ್ನು ಒಮ್ಮೆ ನೋಡಿದರು. ದೊಡ್ಡದಾಗಿ ನಿಟ್ಟುಸಿರು ಬಿಟ್ಟು ಮೇಜಿನ ಖಾನೆ ಎಳೆದು ಒಂದು ಕಾಗದದ ಕಟ್ಟು ತೆಗೆದರು. ಅಚ್ಚು ಮಾಡಿಸಿದ ಅರ್ಜಿ ನಮೂನೆಗಳ ಕಟ್ಟು ಅದು. ಅರ್ಧಕ್ಕಿಂತ ಹೆಚ್ಚು ಖರ್ಚಾಗಿತ್ತು.

ಛತ್ರಿ ಓದಿ ಹೇಳಿದಳು: "'ಬೀಗ ರಿಪೇರಿ ಕಸುಬಿನವನಾದ ನಾನು' ಅಂತಿದೆ ಸಾರ್. ಆಮೇಲೆ ಹೆಸರು ಬರೆಯೋಕೆ ಜಾಗ."

"ಬೀಗ ರಿಪೇರಿ ಅಂತ ಅಚ್ಚಾಗೇ ಇದೆಯಾ?"

ಛತ್ರಿ ಕೇಳಿದಳು. ಮೇಲ್ವಿಚಾರಕರು ಏನೋ ಹೇಳಿದರು. ಛತ್ರಿ ನನ್ನ ಕಡೆ ತಿರುಗದೆ ಹೇಳಿದಳು: "ಬೇರೆ ಯಾರೂ ತೆಗೆಯೋದಿಲ್ವಂತೆ ಸಾರ್. ಕಳ್ಳರು ಕೂಡ ಇದುವರೆಗೆ ಮುಟ್ಟಿಲ್ವಂತೆ. ಮೂರು ನಾಲ್ಕು ವರ್ಷಕ್ಕೊಬ್ಬರು ನಿಮ್ಮಂಥವರು ಬರ್ತಾರಂತೆ. ಎಲ್ಲರೂ ಹೆಂಡತಿ ಜೊತೇಲೇ ಬರ್ತಾರಂತೆ."

ನಾನು ಕುಳಿತೆ. ಕುಳಿತುಕೊಳ್ಳಲು ಒಂದು ಮುಕ್ಕಾಲಿಯೂ ಅಲ್ಲಿ ಸಿದ್ಧವಿತ್ತು.

ಮೇಲ್ವಿಚಾರಕರು ಛತ್ರಿಗೆ ಸನ್ನೆ ಮಾಡಿದರು. ಅವಳು ಅಭ್ಯಾಸವಾದವಳ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಂತಳು. ಆಮೇಲೆ ಅವರು ಪೆಟ್ಟಿಗೆಯ ಮುಚ್ಚಳವನ್ನು ಪೂರ್ತಿ ಎತ್ತಿದರು.

ಒಳಗೆ ಕಡ್ಡಿಗಳಿದ್ದವು.

ಬೇರೇನೂ ಇಲ್ಲ. ಹಳೆಯ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ ಮೂವತ್ತೊಂದು ಕಡ್ಡಿಗಳು. ಪೆಟ್ಟಿಗೆ ತೆರೆದವನ ಕಡ್ಡಿಯನ್ನು ಕಿತ್ತುಕೊಂಡು ಅದರಲ್ಲೇ ಹಾಕುವುದು ಅಲ್ಲಿನ ಪದ್ಧತಿ ಎಂದು ಮೇಲ್ವಿಚಾರಕರು ನನ್ನ ಕಡ್ಡಿಯತ್ತ, ಪೆಟ್ಟಿಗೆಯತ್ತ ಬೆರಳು ಮಾಡಿ ತಿಳಿಸಿದರು. ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದದ್ದು. ದೇಶದೇಶದ ಜನ ಉಸಿರು ಬಿಗಿಹಿಡಿದು ನೋಡಿ ಹೋಗುವ ಆ ಪೆಟ್ಟಿಗೆಯೊಳಗೆ, ಕೈ ಸುಮ್ಮನಿಟ್ಟುಕೊಳ್ಳಲಾಗದ ನನ್ನಂಥ ಮೂವತ್ತೊಂದು ಜನರ ಮಾನ ಮಲಗಿತ್ತು.

"ಮೊಟ್ಟಮೊದಲು ತೆಗೆದಾಗ ಒಳಗೇನಿತ್ತಂತೆ?" ಎಂದೆ.

ಗೋಡೆಯ ಕಡೆಯಿಂದ ಉತ್ತರ ಬಂತು: "ಗೊತ್ತಿಲ್ವಂತೆ ಸಾರ್. ಆಗಿನ ಮೇಲ್ವಿಚಾರಕರೂ ಯಾರಿಗೂ ಹೇಳಲ್ಲ ಅಂತ ಸಹಿ ಮಾಡಿದ್ರಂತೆ."

ನನಗೆ ವಿಧಿಸಿದ ಶಿಕ್ಷೆ ಮೂರು. ಒಂದು, ಕಡ್ಡಿ ಒಪ್ಪಿಸಬೇಕು. ಎರಡು, ಬೀಗ ಸರಿ ಮಾಡಿಕೊಡಬೇಕು. ಆ ಬೀಗ ಮಾಡಿದ ಪುಣ್ಯಾತ್ಮ ಎಂಥ ಕಿಲಾಡಿಯೆಂದರೆ, ಕೀಲಿಕೈ ಇಲ್ಲದೆ ತೆಗೆದರೆ ಒಳಗಿನ ಒಂದು ಸ್ಪ್ರಿಂಗು ಮುರಿದೇ ಮುರಿಯಬೇಕು, ಹಾಗೆ ಮಾಡಿಟ್ಟಿದ್ದ. ಅದನ್ನು ಹೊಸದಾಗಿ ತಿದ್ದಿ ತೀಡಿ ಕೂರಿಸುವವರೆಗೆ ಪೆಟ್ಟಿಗೆ ಮುಚ್ಚುವುದಿಲ್ಲ. ಮೂರು, ಒಳಗೆ ಕಂಡದ್ದನ್ನು ಹೆಂಡತಿ, ಮಕ್ಕಳು, ಬಂಧುಬಳಗ, ನೆರೆಹೊರೆ, ಕಸುಬಿನವರು ಯಾರಿಗೂ ಹೇಳಕೂಡದು. (ಹಾಗಾದರೆ ನಮಗೆ ಹೇಗೆ ಹೇಳುತ್ತಿದ್ದೀಯ ಎಂದು ನೀವು ಕೇಳಬಹುದು. ಛತ್ರಿ ಆ ಪಟ್ಟಿ ಓದುವಾಗ ನಾನು ಬೆರಳು ಮಡಿಚಿ ಲೆಕ್ಕ ಹಾಕಿದ್ದೇನೆ, ಓದುಗರು ಎಂಬ ಮಾತು ಅದರಲ್ಲಿರಲಿಲ್ಲ. ಇನ್ನು ನನ್ನ ಹೆಂಡತಿ ಪ್ರಪಂಚದ ಪುಸ್ತಕವನ್ನೆಲ್ಲ ಓದಿಯಾಳು, ನಾನು ಬರೆದದ್ದನ್ನು ಮಾತ್ರ ಓದುವುದಿಲ್ಲ. ಅಂಗಡಿಯ ರಸೀದಿಯಲ್ಲಿ ನನ್ನ ಕೈಬರಹ ನೋಡಿಯೇ ಸಾಕಾಗಿದೆಯಂತೆ.)

ಸಹಿ ಹಾಕಿದೆ. ಛತ್ರಿಯೂ ಸಾಕ್ಷಿಯೆಂದು ಹಾಕಿದಳು. ಇದು ಅವಳ ನಾಲ್ಕನೆಯ ಸಹಿಯಂತೆ.

ಗುಂಪು ಮುಂದಿನ ಊರುಗಳನ್ನು ನೋಡಿಕೊಂಡು ಹನ್ನೆರಡನೆಯ ದಿನ ಅದೇ ಊರಿಗೆ ಮರಳುವುದಿತ್ತು. ಹೆಂಡತಿಗೆ ಹೇಳಲು ಹೋದೆ. ಬಸ್ಸಿನ ಕಿಟಕಿಯ ಪಕ್ಕ ಕುಳಿತಿದ್ದಳು.

"ರಿಪೇರಿ ಇದೆ ಕಣೇ. ಇಲ್ಲೇ ಇರ್ಬೇಕಂತೆ."

"ಇರಿ."

"ಏನಿತ್ತು ಒಳಗೆ ಅಂತ..."

"ಹೇಳಿದ್ರೆ ನೋಡಿ!" ಎಂದು ಎರಡೂ ಕಿವಿ ಮುಚ್ಚಿಕೊಂಡಳು. ಕಣ್ಣು ತುಂಬಿತ್ತು. "ಅದೊಂದು ಉಳ್ಸಿ. ಅಷ್ಟನ್ನಾದ್ರೂ ಉಳ್ಸಿ."

ಬಸ್ಸು ಹೊರಟಿತು. ನಾನು ಆ ಬೀದಿಯಲ್ಲಿ ಬಹಳ ಹೊತ್ತು ನಿಂತಿದ್ದೆ. ಮೂವತ್ತೊಂದು ವರ್ಷ ಅವಳು ನನ್ನ ಬೆನ್ನು ನೋಡಿಕೊಂಡು ಬಂದಳು ಎಂದಿದ್ದಳಲ್ಲ, ಅದು ಹೇಗಿರುತ್ತದೆ ಎಂದು ನನಗೆ ಅವತ್ತು ಸ್ವಲ್ಪ ಗೊತ್ತಾಯಿತು.

ಆ ಮೂರು ದಿನ ನಾನು ಕೆಲಸದ ಕೋಣೆಯಲ್ಲಿ ಕಳೆದೆ. ಒಂದು ಕಿಟಕಿ, ಒಂದು ಮೇಜು, ಕಬ್ಬಿಣವನ್ನು ಕಚ್ಚಿ ಹಿಡಿಯುವ ಒಂದು ಯಂತ್ರ, ಉಜ್ಜುವ ಅರಗಳು. ಮೇಲ್ವಿಚಾರಕರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಬೆಳಿಗ್ಗೆ ಒಂದು ಲೋಟ ಬಿಸಿ ಏನನ್ನಾದರೂ ತಂದಿಟ್ಟು ಹೋಗುತ್ತಿದ್ದರು. ಉಕ್ಕಿನ ಪಟ್ಟಿಯನ್ನು ಕಾಯಿಸಿ ಬಗ್ಗಿಸಿದೆ, ಮೊದಲನೆಯದು ಮುರಿಯಿತು, ಎರಡನೆಯದು ಮುರಿಯಿತು. ಮೂರನೆಯದು ತಣಿಯಲಿ ಎಂದು ಕಾಯುವಾಗ ಮಾಡಲು ಬೇರೆ ಕೆಲಸವಿರಲಿಲ್ಲ. ಪೆಟ್ಟಿಗೆ ಪಕ್ಕದಲ್ಲೇ ತೆರೆದಿತ್ತು. ಒಂದು ಕಡ್ಡಿಯನ್ನು ಕೈಗೆತ್ತಿಕೊಂಡೆ.

ಅದು ಉಕ್ಕಲ್ಲ, ಮೂಳೆ. ಕಬ್ಬಿಣ ಸಿಗದ ಯಾವ ಊರಿನಲ್ಲಿ, ಯಾವ ಪ್ರಾಣಿಯ ಮೂಳೆಯನ್ನು ಎಷ್ಟು ದಿನ ತೇಯ್ದು ಮಾಡಿದ್ದನೋ. ಇನ್ನೊಂದು, ಹಳೆಯ ಕೊಡೆಯ ಕಡ್ಡಿಯನ್ನು ಬಡಿದು ಮಾಡಿದ್ದು. ಒಂದರ ಗುಳಿ ತಿರುಗುಮುರುಗಾಗಿತ್ತು, ಅವನು ಎಡಚ. ಒಂದರ ಬೆನ್ನಿನ ಮೇಲೆ ಹಲ್ಲಿನ ಗುರುತಿತ್ತು, ಯೋಚನೆ ಮಾಡುವಾಗ ಬಾಯಲ್ಲಿ ಕಚ್ಚುವ ಅಭ್ಯಾಸ ನನಗೂ ಇದೆ. ಒಂದು ಬಹಳ ಉದ್ದ. ಅವರ ಕಡೆ ಬಾಗಿಲು ಎಷ್ಟು ದಪ್ಪವೋ, ಚಳಿ ಎಷ್ಟೋ ಎನ್ನಿಸಿತು. ಒಂದರ ತುದಿ ಎರಡಾಗಿ ಸೀಳಿತ್ತು. ಅದನ್ನು ಹಿಡಿದು ಅರ್ಧ ಗಂಟೆ ಆಡಿಸಿದ ಮೇಲೆ ಅದು ಎಂಥ ಬೀಗಕ್ಕೆಂದು ಅರ್ಥವಾಯಿತು. ಹಾಗೆ ಬೀಗ ಮಾಡುವ ಜನ ಎಲ್ಲೋ ಇದ್ದಾರೆ ಎಂದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ.

ಒಂದರ ಹಿಡಿಗೆ ನೀಲಿ ದಾರ ಸುತ್ತಿತ್ತು. ಬಿಗಿಯಾಗಿ, ಒಂದರ ಪಕ್ಕ ಒಂದು, ಕೊನೆಯಲ್ಲಿ ಸೂಜಿಯಿಂದ ಒಳಗೆ ಸಿಕ್ಕಿಸಿ. ಅದು ಗಂಡಸಿನ ಕೆಲಸವಲ್ಲ. ಕೈ ನೋಯದಿರಲಿ ಎಂದು ಯಾವಳೋ ಕೂತು ಸುತ್ತಿಕೊಟ್ಟದ್ದು. ಅವಳೂ ಬಂದಿದ್ದಿರಬೇಕು ಅವನ ಜೊತೆ. ಇದೇ ಮೆಟ್ಟಿಲು ಹತ್ತಿ, ಇದೇ ಬಾಗಿಲಲ್ಲಿ ನಿಂತು, ಅವನ ಬೆನ್ನು ನೋಡಿರಬೇಕು. ಅದನ್ನು ಕೆಳಗಿಡಲು ನನಗೆ ಬಹಳ ಹೊತ್ತು ಹಿಡಿಯಿತು.

ಪ್ರಪಂಚದಲ್ಲಿ ನೋಡಲು ಏನಿದೆ ಎಂದು ಕೇಳುತ್ತಿದ್ದವನು ನಾನು. ಮೂರು ದಿನ ಒಂದು ಮುಕ್ಕಾಲಿಯ ಮೇಲೆ ಕೂತು ಮೂವತ್ತೊಂದು ದೇಶಗಳಿಗೆ ಹೋಗಿಬಂದೆ. ಅವರಲ್ಲಿ ಯಾರೊಬ್ಬರ ಮುಖವೂ ನನಗೆ ಗೊತ್ತಿಲ್ಲ, ಬೀದಿಯಲ್ಲಿ ಎದುರಾದರೂ ಗುರುತು ಹಿಡಿಯಲಾರೆ. ಆದರೂ ನಂಟರ ಮನೆಗೆ ಹೋದಂತಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಸ್ಪ್ರಿಂಗು ಕೂತಿತು. ಮೇಲ್ವಿಚಾರಕರು ಕೈ ಚಾಚಿದರು. ಯಜಮಾನರ ಕಡ್ಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಆ ನೀಲಿ ದಾರದ ಪಕ್ಕದಲ್ಲಿ ನಾನೇ ಮಲಗಿಸಿದೆ. ಮೂವತ್ತೆರಡನೆಯದು. ಮುಚ್ಚಳ ಒತ್ತಿದೆ. ಬೀಗ ತಾನೇ ಕಚ್ಚಿಕೊಂಡಿತು. ಮೇಲ್ವಿಚಾರಕರು ನನ್ನ ಹೆಗಲ ಮೇಲೆ ಕೈಯಿಟ್ಟು ಅವರ ಭಾಷೆಯಲ್ಲಿ ಏನೋ ಹೇಳಿದರು. ಚೆನ್ನಾಗಿ ಮಾಡಿದ್ದೀಯ ಎಂದರೋ, ಮತ್ತೆ ಈ ಕಡೆ ತಲೆ ಹಾಕಬೇಡ ಎಂದರೋ ಗೊತ್ತಿಲ್ಲ.

ಮಧ್ಯಾಹ್ನ ಬಸ್ಸು ಬಂತು. ಹೆಂಡತಿಯ ಮುಖ ಬಿಸಿಲಿಗೆ ಕೆಂಪಾಗಿ ಹೊಳೆಯುತ್ತಿತ್ತು. ನಾನಿಲ್ಲದೆ ಮೂರು ದಿನ ಅವಳು ಬಹಳ ಸುಖವಾಗಿದ್ದಳು ಎಂಬುದು ದೂರದಿಂದಲೇ ಕಾಣುತ್ತಿತ್ತು, ಮತ್ತು ಅ‍ದು ನೋಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮೇಲ್ವಿಚಾರಕರು ಛತ್ರಿಯ ಕಿವಿಯಲ್ಲಿ ಏನೋ ಹೇಳಿ, ಜನರನ್ನು ಬಿಡುವ ಮೊದಲು ನಮ್ಮಿಬ್ಬರನ್ನೇ ಮೇಲಕ್ಕೆ ಕಳಿಸಿದರು.

ಅವಳು ಹಗ್ಗದ ಮುಂದೆ ನಿಂತಳು. ನಾನು ಪಕ್ಕದಲ್ಲಿ ನಿಂತೆ. ಕೈ ಹಿಂದೆ ಕಟ್ಟಿಕೊಂಡೆ. ಅವಳು ನನ್ನ ಕಡೆ ನೋಡಲಿಲ್ಲ, ಪೆಟ್ಟಿಗೆಯ ಕಡೆ ನೋಡಿದಳು. ನಾನೂ ಪೆಟ್ಟಿಗೆಯ ಕಡೆ ನೋಡಿದೆ. ಬೀಗದ ಮೇಲೆ ನನ್ನ ಕಣ್ಣು ನಿಲ್ಲಲೇ ಇಲ್ಲ. ಆ ಮುಚ್ಚಳದ ಕೆಳಗೆ ಮೂಳೆಯವನು, ಎಡಚ, ಕಚ್ಚುವವನು, ನೀಲಿ ದಾರದವಳು, ನನ್ನ ಯಜಮಾನರು ಎಲ್ಲ ಕತ್ತಲೆಯಲ್ಲಿ ಸಾಲಾಗಿ ಮಲಗಿದ್ದಾರೆ, ಇದು ಈ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತು ಎಂದು ಯೋಚಿಸುತ್ತಿದ್ದಂತೆ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳೋಣವೆಂದರೆ ಕೈ ಹಿಂದೆ ಕಟ್ಟಿದೆ, ಬಿಚ್ಚಿದರೆ ಅವಳು ಏನೆಂದುಕೊಂಡಾಳೋ. ಹಾಗೇ ಬಿಟ್ಟೆ. ಗಲ್ಲದಿಂದ ತೊಟ್ಟಿಕ್ಕಿತು. ಹದಿನೈದು ನಿಮಿಷ ನಾನು ಮಿಸುಕಲಿಲ್ಲ.

ಆಮೇಲೆ ಅವಳು ಊಹೆಯ ಪುಸ್ತಕದ ಬಳಿ ಹೋಗಿ, ಕೈ ಅಡ್ಡ ಹಿಡಿದು ಏನೋ ಬರೆದಳು.

"ಏನು ಬರೆದೆ?" ಎಂದೆ.

"ಅದನ್ನೂ ತೆಗೀಬೇಕಾ ನೀವು?" ಎಂದಳು. ಆದರೆ ದನಿ ಮೆತ್ತಗಿತ್ತು. ಲೇಖನಿಯನ್ನು ನನ್ನ ಕೈಗೆ ಕೊಟ್ಟಳು. ನಾನು "ಗೊತ್ತಿಲ್ಲ" ಎಂದು ಬರೆದೆ.

ಊರಿಗೆ ಬಂದು ಒಂದು ವಾರಕ್ಕೆ, ಬೆಳಗಿನ ಕಾಫಿ ಹೊತ್ತಿನಲ್ಲಿ, ಅವಳು ಮುಂದಿನ ಪ್ರವಾಸದ ಕಾಗದ ಹರಡಿಕೊಂಡು ಕುಳಿತಿದ್ದಳು. ಇಪ್ಪತ್ತೊಂದು ದಿನದ್ದು. ಹೆಸರು ಬರೆಯುವ ಜಾಗವನ್ನು ಇಣುಕಿ ನೋಡಿದೆ. ಎರಡು ಹೆಸರಿದ್ದವು.

"ನಾನೂ ಬರ್ಬೇಕಾ?"

"ಮತ್ತೆ?"

"ಅವತ್ತು ನಾನು ಅತ್ತಿದ್ದು ನೋಡಿ... ಅದಕ್ಕೇನಾ?"

ಅವಳು ಕಾಗದ ಕೆಳಗಿಟ್ಟು ನಕ್ಕಳು. ಹದಿನಾಲ್ಕು ದಿನದಲ್ಲಿ ಹಾಗೆ ನಕ್ಕಿರಲಿಲ್ಲ. "ಅಯ್ಯೋ ನಿಮ್ಮ! ನಾನೇನು ನಿನ್ನೆ ಮೊನ್ನೆ ಮದುವೆಯಾಗಿ ಬಂದವಳಾ? ನೀವು ಅತ್ತಿದ್ದು ಪೆಟ್ಟಿಗೆ ನೋಡಿ ಅಲ್ಲ. ನಿಮ್ಮ ಯಜಮಾನ್ರ ಕಡ್ಡಿ ಹೋಯ್ತಲ್ಲ, ಅದಕ್ಕೆ. ಬೂಟಿನ ಅಟ್ಟೆ ಎದ್ದಿತ್ತು, ಕೆಳಗೆ ಖಾಲಿ. ಅವ್ರು ಕಿತ್ಕೊಂಡ್ರು ಅಂತ ಅಷ್ಟೂ ಗೊತ್ತಾಗಲ್ವಾ ನಂಗೆ?"

"ಹಾಗಲ್ಲ ಕಣೇ..."

"ಇರ್ಲಿ ಬಿಡಿ. ಕಡ್ಡಿಗೆ ಅತ್ರೋ ಯಾವುದಕ್ಕೆ ಅತ್ರೋ. ಹದಿನೈದು ನಿಮಿಷ ಪಕ್ಕದಲ್ಲಿ ನಿಂತಿದ್ರಲ್ಲ. ನಂಗೆ ಬೇಕಾಗಿದ್ದು ಅಷ್ಟೇ."

ನಾನು ಬಾಯಿ ತೆರೆದೆ. ನನ್ನ ಐವತ್ತೆಂಟು ವರ್ಷದ ಬಾಳಿನಲ್ಲಿ ಒಂದೇ ಒಂದು ಸಲ, ನನ್ನದಲ್ಲದ ಯಾವುದಕ್ಕೋ, ಎಂದೂ ಕಾಣದ ಜನರಿಗಾಗಿ ಅತ್ತಿದ್ದೇನೆ. ಅದನ್ನು ಇವಳೊಬ್ಬಳಿಗಾದರೂ ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬಂತು. ಹೇಳಿದರೆ ಅವಳ ಕಣ್ಣಲ್ಲಿ ನಾನು ಎತ್ತರದ ಮನುಷ್ಯನಾಗುತ್ತೇನೆ. ಹೇಳಿದರೆ ಅವಳು ಇಷ್ಟು ವರ್ಷ ಜೋಪಾನವಾಗಿಟ್ಟುಕೊಂಡು ಬಂದ ಊಹೆ ಅಲ್ಲಿಗೆ ಮುಗಿಯುತ್ತದೆ. ಅವಳು ಕಾಫಿ ಲೋಟ ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಹೌದು ಕಣೇ," ಎಂದೆ. "ಕಡ್ಡಿಗೇ ಅತ್ತಿದ್ದು. ಎಂಥಾ ಉಕ್ಕು ಅದು, ಈಗೆಲ್ಲಿ ಸಿಗುತ್ತೆ."

"ಗೊತ್ತಿತ್ತು ನಂಗೆ," ಎಂದು ಅವಳು, ಮಗುವನ್ನು ಸಮಾಧಾನ ಮಾಡುವ ಹಾಗೆ, ನನ್ನ ಬೆನ್ನು ಸವರಿದಳು.